ಹೈಡ್ರೋಜನ್ ಸೆಲ್, 11ನೇ ವಾರ: ಪ್ಲಾಟಿನಂ ಕೆಟ್ಟಿರಲಿಲ್ಲ, ಪಾತ್ರೆ ಕೆಡಿಸಿತ್ತು

ಮೂರು ವಾರದಿಂದ ಸುಮ್ನೆ ಪ್ಲಾಟಿನಂ ಪುಡಿಯನ್ನು ಬೈಯುತ್ತಿದ್ದೆ. ತಪ್ಪು ಅದರದ್ದಲ್ಲ, ನನ್ನದು.

ಹೊಸಬರಿಗೆ: ಪುಣೆಯ ವಾಕಡ್‌ನಲ್ಲಿ ನಮ್ಮ ಮನೆ ಬಾಲ್ಕನಿ. ಅಲ್ಲಿ 25 ಚದರ ಸೆಂಟಿಮೀಟರಿನ ಒಂದು ಫ್ಯೂಯೆಲ್ ಸೆಲ್, ಅಂದರೆ ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿಸಿ ಕರೆಂಟ್ ಮಾಡುವ ಸಾಧನ. ನಡುವೆ ನಾಫಿಯಾನ್ ಹಾಳೆ (ಹೈಡ್ರೋಜನ್‌ನಿಂದ ಬಿಡುವ ಪ್ರೋಟಾನ್‌ಗಳನ್ನು ದಾಟಿಸುವ ಪ್ಲಾಸ್ಟಿಕ್), ಎರಡೂ ಕಡೆ ಪ್ಲಾಟಿನಂ ಬಳಿದ ಕಾರ್ಬನ್ ಪೇಪರ್.

ಲೋಡ್ ಇಲ್ಲದಾಗ 0.93 ವೋಲ್ಟ್ ಬರುತ್ತಿತ್ತು. ಲೆಕ್ಕದ ಪ್ರಕಾರ 1.23 ಬರಬೇಕು, ಆದರೆ ಆಮ್ಲಜನಕದ ಕಡೆಯ ಕೆಲಸ ಬಹಳ ನಿಧಾನ, ಪ್ಲಾಟಿನಂ ಇದ್ದರೂ ಅಷ್ಟು ಬರಲ್ಲ. ಅದಿರಲಿ. 5 ಆಂಪಿಯರ್ ಎಳೆದರೆ 0.41ಕ್ಕೆ ಇಳಿಯುತ್ತಿತ್ತು. ಸರಿ, ಕ್ಯಾಟಲಿಸ್ಟ್, ಅಂದರೆ ಕ್ರಿಯೆಗೆ ವೇಗ ಕೊಡುವ ಪ್ಲಾಟಿನಂ ಪುಡಿ, ಸರಿಯಿಲ್ಲ ಅಂತ ಪೇಪರಿಗೆ ಬಳಿಯುವ ಅದರ ಇಂಕನ್ನು ಎರಡು ಸಲ ಮತ್ತೆ ಕಲಸಿದೆ. (ಪುಡಿಗೆ ಮೊದಲು ನೀರು, ಆಮೇಲೆ ಆಲ್ಕೋಹಾಲ್. ಒಣ ಪುಡಿಗೆ ನೇರ ಆಲ್ಕೋಹಾಲ್ ಸುರಿದರೆ ಬೆಂಕಿ ಹತ್ತುತ್ತದೆ, ತಮಾಷೆ ಅಲ್ಲ.) ಏನೂ ಬದಲಾಗಲಿಲ್ಲ.

ಶನಿವಾರ ಅರ್ಧರ್ಧ ಆಂಪಿಯರ್ ಏರಿಸುತ್ತಾ ರೀಡಿಂಗ್ ಬರೆದುಕೊಂಡು ಗ್ರಾಫ್ ಹಾಕಿದಾಗ ಗೊತ್ತಾಯಿತು. ಕ್ಯಾಟಲಿಸ್ಟ್ ಸೋತಿದ್ದರೆ ಮೊದಲ ಚೂರು ಕರೆಂಟಿಗೇ ವೋಲ್ಟೇಜ್ ಧಡಕ್ಕನೆ ಬೀಳಬೇಕು. ನನ್ನದು ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ ಇಳಿಯುತ್ತಿತ್ತು. ಅಂದರೆ ರೆಸಿಸ್ಟೆನ್ಸ್. ಅಂದರೆ ಹಾಳೆ.

ಆಗ ನೆನಪಾಯಿತು. ಸೆಲ್‌ಗೆ ಹಾಕುವ ಮೊದಲು ಹಾಳೆಯನ್ನು ದುರ್ಬಲ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಒಂದು ಗಂಟೆ ಕಾಯಿಸಬೇಕಿತ್ತು. ಗಾಜಿನ ಬೀಕರ್ ಒಡೆದಿತ್ತು, ನಾನು ಅಡುಗೆಮನೆಯ ಸ್ಟೀಲ್ ಪಾತ್ರೆ ತಗೊಂಡಿದ್ದೆ. ಆಸಿಡ್ ತಿಳಿಹಸಿರು ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ನೋಡಿಯೂ ಸುಮ್ನಿದ್ದೆ! ಅದು ಪಾತ್ರೆಯಿಂದ ಕರಗಿದ ಕಬ್ಬಿಣ, ಕ್ರೋಮಿಯಂ, ನಿಕಲ್. ಹಾಳೆಯಲ್ಲಿ ಪ್ರೋಟಾನ್ ಕೂರುವ ಜಾಗದಲ್ಲೆಲ್ಲ ಅವು ಹೋಗಿ ಕೂತಿವೆ, ಪ್ರೋಟಾನ್‌ಗೆ ದಾರಿಯೇ ಇಲ್ಲ. ಕಬ್ಬಿಣ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಸೆಲ್ ಒಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು, ಹಾಳೆಯನ್ನೇ ತಿನ್ನುವ ರ‍್ಯಾಡಿಕಲ್‌ಗಳನ್ನು (ಸಿಕ್ಕಿದ್ದಕ್ಕೆ ಮುಗಿಬೀಳುವ ಅಣುತುಣುಕುಗಳು) ಮಾಡುತ್ತದೆ. ಇದನ್ನು ತಡೆಯಲೆಂದೇ ಹಾಳೆಗೆ ಚೂರು ಸೀರಿಯಂ ಸೇರಿಸುವುದುಂಟು.

ಹೊಸ ಹಾಳೆ, ಹೊಸ ಬೀಕರ್, ಪ್ಲಾಸ್ಟಿಕ್ ಚಿಮಟ, ಅದೇ ಹಳೆಯ ಇಂಕ್. 5 ಆಂಪಿಯರ್‌ಗೆ 0.62 ವೋಲ್ಟ್. ಪಾತ್ರೆ ಇನ್ನು ಅಡುಗೆಗೆ ಬೇಡ ಅಂತ ಅಮ್ಮ ಅದನ್ನು ನನಗೇ ಬಿಟ್ಟುಕೊಟ್ಟಿದ್ದಾರೆ.

ಭಾನುವಾರ ಮಾಮ ಬಂದಿದ್ದರು, ಹುಬ್ಬಳ್ಳಿ-ಪುಣೆ ಲಾರಿ ಓಡಿಸುತ್ತಾರೆ. "ಎಷ್ಟ ತಾಸು ನಡದೈತಿ ಇದು?" ಅಂದರು. 41 ಅಂದೆ. ನಕ್ಕುಬಿಟ್ಟರು. ನಗಲೇಬೇಕು: ಉದ್ದದ ಓಟದ ಲಾರಿಗಳಿಗೆ ಅಮೆರಿಕದ ಇಂಧನ ಇಲಾಖೆ 2030ಕ್ಕೆ ಇಟ್ಟುಕೊಂಡ ಫ್ಯೂಯೆಲ್ ಸೆಲ್ ಬಾಳಿಕೆಯ ಗುರಿ 25,000 ಗಂಟೆ. 2022ರ ಆಗಸ್ಟ್‌ನಲ್ಲಿ ಇಲ್ಲೇ ಪುಣೆಯಲ್ಲಿ ಕೆಪಿಐಟಿ ಕಂಪನಿ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಸೇರಿ ಹೈಡ್ರೋಜನ್ ಬಸ್ ತೋರಿಸಿದಾಗ ನಾನು ಬರೀ ಪ್ಲಾಟಿನಂ ಬೆಲೆ ಲೆಕ್ಕ ಹಾಕಿದ್ದೆ. ಈಗ ತಲೆಯಲ್ಲಿ ಇರುವುದು ಗಂಟೆ.

ಮುಂದಿನ ವಾರ ದಿನಕ್ಕೆ 20 ಸಲ ಆನ್-ಆಫ್ ಮಾಡಿ ನೋಡುತ್ತೇನೆ. ಪ್ಲಾಟಿನಂ ಹೊತ್ತ ಕಾರ್ಬನ್ ಸವೆಯುವುದು ಆಗಲೇ ಜಾಸ್ತಿ. ಪುಡಿಯನ್ನು ಆಗ ಬೇಕಾದರೆ ಬೈಯಬಹುದು, ಅಲ್ವಾ?