ಮೊಣಕೈ ಯಾಕ್ರೀ ಹಿಡ್ಕೋತೀರಾ?

"ರೀ, ಸ್ಕ್ರೀನ್ ಮೇಲೆ ಅಷ್ಟು ಚೆನ್ನಾಗಿ ಬರ್ತಿದ್ರೆ ಮೊಣಕೈ ಯಾಕ್ರೀ ಹಿಡ್ಕೋತೀರಾ?"

ಮಿಶಿಗನ್‌ನ ನೋವೈ ಊರಿನಲ್ಲಿರುವ ಗೆಳೆಯರೊಬ್ಬರ ಬೇಸ್‌ಮೆಂಟಿನಲ್ಲಿ ಕಳೆದ ಶನಿವಾರ ಕೇಳಿದ ಮಾತಿದು. ಹೊರಗೆ ಹಿಮ. ಒಳಗೆ ಗಾಲ್ಫ್ ಸಿಮ್ಯುಲೇಟರ್: ಪ್ರೊಜೆಕ್ಟರ್, ಗೋಡೆಯಗಲದ ಪರದೆ, ಚೆಂಡಿನ ಹಾರಾಟ ಅಳೆಯುವ ಹೊಸ ಲಾಂಚ್ ಮಾನಿಟರ್. ಅವರು ಸೆವೆನ್ ಐರನ್ ಎಂಬ ಕ್ಲಬ್ (ಗಾಲ್ಫ್ ಕೋಲು) ಬೀಸಿದರು, ಪರದೆ 148 ಗಜ ತೋರಿಸಿತು. "ನೋಡಿ, ಒಂದೇ ಸಮ ಬರ್ತಿದೆ" ಅನ್ನುತ್ತಲೇ ಎಡ ಮೊಣಕೈಯ ಹೊರಬದಿಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡರು. ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದ ಅವರ ಹೆಂಡತಿ ಕೇಳಿದ ಪ್ರಶ್ನೆ ಅದು. "ಆಫೀಸಲ್ಲಿ ಮೌಸ್ ಹಿಡಿದೂ ಹಿಡಿದೂ ಬಂದಿದ್ದು" ಅಂದರು ಇವರು. ಮೌಸ್ ಹಿಡಿಯುವುದು ಬಲಗೈ, ನೋಯುತ್ತಿರುವುದು ಎಡಗೈ. ಆಕೆ ಗಾಲ್ಫ್ ಆಡುವವರಲ್ಲ. ಆದರೂ ಆ ಕೋಣೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ.

ಬಲಗೈಯಲ್ಲಿ ಆಡುವವರಿಗೆ ಸಾಮಾನ್ಯವಾಗಿ ನೋಯುವುದು ಎಡ ಮೊಣಕೈಯ ಹೊರಬದಿ, ಬಲ ಮೊಣಕೈಯ ಒಳಬದಿ, ಜೊತೆಗೆ ಎಡ ಮಣಿಕಟ್ಟು. ಕಾರಣ ಕಾಲ ಕೆಳಗೇ ಇತ್ತು. ಐದಡಿ ಉದ್ದ ಐದಡಿ ಅಗಲದ ಮ್ಯಾಟ್, ಮೇಲೆ ಗಿಡ್ಡ ಒರಟು ಕೃತಕ ಹುಲ್ಲು, ಅಡಿಯಲ್ಲಿ ಅರ್ಧ ಇಂಚಿನ ಗಟ್ಟಿ ರಬ್ಬರ್, ಅದರಡಿ ನೇರ ಕಾಂಕ್ರೀಟ್. ಮಾನಿಟರಿಗೆ ಸಾವಿರಾರು ಡಾಲರ್ ಕೊಟ್ಟು, ಕೊನೆಗೆ ಉಳಿದ ಚಿಲ್ಲರೆಯಲ್ಲಿ ಮ್ಯಾಟ್ ತಂದಿದ್ದಾರೆ. ಕಾರಿನ ಟೈರ್ ಕೊಳ್ಳಲು ತಿಂಗಳುಗಟ್ಟಲೆ ಲೆಕ್ಕ ಹಾಕುವ ಮನುಷ್ಯ ಇವರು. ಬಜೆಟ್ಟಿನಲ್ಲಿ ಮ್ಯಾಟನ್ನು ಕೊನೆಗೆ ಇಡುವುದು ಸಿಮ್ಯುಲೇಟರ್ ಕಟ್ಟಿಸುವವರಲ್ಲಿ ತೀರಾ ಸಾಮಾನ್ಯ, ಮತ್ತು ತೀರಾ ದುಬಾರಿ. ಪ್ರತಿ ಹೊಡೆತದಲ್ಲೂ ಮೈಗೆ ತಾಗುವ ಸಾಮಾನು ಅದೊಂದೇ.

ಐರನ್ ಹೊಡೆತ ಕೆಳಮುಖವಾಗಿ ಬರುತ್ತದೆ. ಮೊದಲು ಚೆಂಡು, ಆಮೇಲೆ ನೆಲ. ಕ್ಲಬ್ ಅತಿ ಕೆಳಗೆ ಇಳಿಯಬೇಕಾದ್ದು ಚೆಂಡಿಗಿಂತ ಮೂರು ನಾಲ್ಕು ಇಂಚು ಮುಂದೆ. ಮೈದಾನದಲ್ಲಿ ಅಲ್ಲಿಂದ ಒಂದು ಹೆಂಟೆ ಮಣ್ಣು ಹುಲ್ಲಿನ ಸಮೇತ ಎದ್ದು ಹಾರುತ್ತದೆ, ಪೆಟ್ಟಿನ ಬಲದ ದೊಡ್ಡ ಪಾಲು ಅದರೊಂದಿಗೇ ಹೋಗುತ್ತದೆ. ಕಾಂಕ್ರೀಟಿನ ಮೇಲಿನ ರಬ್ಬರ್ ಅಲುಗುವುದಿಲ್ಲ. ಆ ಪೆಟ್ಟು ಕ್ಲಬ್ಬಿನ ಕೋಲು ಹಿಡಿದು ಮಣಿಕಟ್ಟಿಗೆ, ಅಲ್ಲಿಂದ ಮುಂಗೈ ಸ್ನಾಯುಗಳು ಮೊಣಕೈಗೆ ಅಂಟಿಕೊಂಡಿರುವ ಜಾಗಕ್ಕೆ ಏರುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಚೆಂಡಿಗಿಂತ ಎರಡು ಇಂಚು ಹಿಂದೆ ನೆಲಕ್ಕೆ ಹೊಡೆದರೆ, ಅಂದರೆ ಫ್ಯಾಟ್ ಆದರೆ, ಮಣ್ಣಿನಲ್ಲಿ ಕ್ಲಬ್ ಹೂತು ಚೆಂಡು ಹತ್ತಿರದಲ್ಲೇ ಬೀಳುತ್ತದೆ. ಗಟ್ಟಿ ಮ್ಯಾಟಿನ ಮೇಲೆ, ಕೆರೆ ನೀರಿನ ಮೇಲೆ ಬಿಲ್ಲೆಕಲ್ಲು ಪುಟಿಯುವ ಹಾಗೆ, ಕ್ಲಬ್ಬಿನ ತಳ ಪುಟಿದು ಚೆಂಡಿಗೆ ತಾಗುತ್ತದೆ. ಚೆಂಡು ಹೋಗಿಯೇ ಹೋಗುತ್ತದೆ. ಇಂಥ ಮಾನಿಟರ್ ಅಳೆಯುವುದು ಚೆಂಡಿನ ವೇಗ, ಕೋನ, ತಿರುಗು. ನೆಲಕ್ಕೆ ಎಲ್ಲಿ ತಾಗಿತು ಅನ್ನುವುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಅಂದಮೇಲೆ ಆಕೆ ಕೇಳಿದ್ದಕ್ಕೆ ಉತ್ತರ ಇಷ್ಟು: ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣುವುದಕ್ಕೂ ಮೊಣಕೈ ನೋಯುವುದಕ್ಕೂ ಕಾರಣ ಒಂದೇ, ನೆಲದ ಗಡಸುತನ.

ಪರೀಕ್ಷೆ ಸುಲಭ. ಕೈ ಒರೆಸುವ ಟವೆಲನ್ನು ಮಡಚಿ, ಚೆಂಡಿಗಿಂತ ನಾಲ್ಕು ಇಂಚು ಹಿಂದೆ ಅಡ್ಡಲಾಗಿ ಇಡಿ. ಚೆಂಡಿಗೆ ಮೊದಲು ತಾಗುವ ಹೊಡೆತ ಟವೆಲನ್ನು ಮುಟ್ಟುವುದೇ ಇಲ್ಲ. ಅಲ್ಲೇ ಇಟ್ಟು ನೋಡಿದೆವು. ಟವೆಲ್ ಮತ್ತೆ ಮತ್ತೆ ಎದ್ದು ಬಂತು, ಪರದೆಯ ಮೇಲೆ ಗಜಗಳು ಹೆಚ್ಚೇನೂ ಇಳಿಯಲಿಲ್ಲ. ಗೆಳೆಯರು ಸುಮ್ಮನಾದರು. "ಯಾಕ್ರೀ ಹಿಡ್ಕೋತೀರಾ" ಅಂತ ಆಕೆ ಮತ್ತೆ ಕೇಳುವ ಅಗತ್ಯ ಬರಲಿಲ್ಲ.

ಆಮೇಲೆ ಅವರಿಗೆ ಹೊಳೆದದ್ದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ: ಇದೇ ಮ್ಯಾಟಿನ ಕೆಳಗೆ ಮೆತ್ತನೆಯ ಫೋಮ್ ಹಾಸಿದರೆ? ಬೇಡ. ಗಟ್ಟಿ ರಬ್ಬರ್ ಪೆಟ್ಟನ್ನು ಅಗಲಕ್ಕೆ ಹರಡಿಬಿಡುತ್ತದೆ, ಕ್ಲಬ್ಬಿನ ಅಂಚಿಗೆ ಅಡಿಯ ಫೋಮಿನ ಮೆತ್ತಗೆ ಅಷ್ಟಾಗಿ ಸಿಗುವುದಿಲ್ಲ. ಆದರೆ ಮೈಭಾರಕ್ಕೆ ಕಾಲ ಕೆಳಗಿನ ಫೋಮ್ ಕುಸಿಯುತ್ತದೆ. ಕಾಲು ಅರ್ಧ ಇಂಚು ತಗ್ಗಿ ಚೆಂಡು ಅಲ್ಲೇ ಉಳಿದರೆ ಕ್ಲಬ್ ನೆಲಕ್ಕೆ ಬೇಗ ತಾಗುತ್ತದೆ, ಫ್ಯಾಟ್ ಇನ್ನಷ್ಟು ಹೆಚ್ಚುತ್ತದೆ. ನೋವಿಗೆ ಮದ್ದು ಅಂತ ಮಾಡಿದ್ದು ನೋವನ್ನೇ ಬೆಳೆಸುತ್ತದೆ.

ನಿಲ್ಲುವ ಜಾಗ, ಹೊಡೆಯುವ ಜಾಗ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಬೇಕು. ನಿಲ್ಲುವ ಜಾಗ ಬಿಗಿಯಾಗಿರಲಿ, ಪಾದ ಹೂಳಬಾರದು. ಹೊಡೆಯುವ ಜಾಗ ಮಾತ್ರ ಒಂದಡಿ ಅಗಲ, ಎರಡಡಿ ಉದ್ದದ ಪಟ್ಟಿ, ತೆಗೆದು ಹಾಕುವಂಥದ್ದು. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಫೈಬರ್‌ಬಿಲ್ಟ್‌ನಂಥ ಬ್ರಷ್ ಪಟ್ಟಿಯಲ್ಲಿ ಎಳೆಗಳು ನೆಟ್ಟಗೆ ನಿಂತಿರುತ್ತವೆ, ಚೆಂಡು ಅವುಗಳ ತುದಿಯ ಮೇಲೆ ಕೂರುತ್ತದೆ, ಕ್ಲಬ್ ಎಳೆಗಳ ನಡುವೆ ಹಾದುಹೋಗುತ್ತದೆ. ಟ್ರೂಸ್ಟ್ರೈಕ್‌ನಂಥದ್ದರಲ್ಲಿ ಹುಲ್ಲಿನ ಅಡಿ ಜೆಲ್ ತುಂಬಿರುತ್ತದೆ, ಪೆಟ್ಟಿಗೆ ಅದು ಮಣ್ಣಿನಂತೆ ಮುಂದಕ್ಕೆ ಸರಿಯುತ್ತದೆ. ಮೂರನೆಯದು ಕಂಟ್ರಿ ಕ್ಲಬ್ ಎಲೀಟ್ ತರಹದ ದಪ್ಪ, ದಟ್ಟ ನೈಲಾನ್ ಹಾಸು. ಅದರಲ್ಲಿ ಚೆಂಡು ಕೂರಿಸುವ ಮರದ ಟೀಯನ್ನೇ (ಗೂಟ) ಚುಚ್ಚಬಹುದು, ಆದರೆ ಮೂರರಲ್ಲಿ ಬಿಗಿ ಅದೇ. ಈಗಾಗಲೇ ಕೈ ನೋಯುತ್ತಿದ್ದರೆ ಮೊದಲ ಎರಡರಲ್ಲಿ ಒಂದನ್ನು ತೆಗೆದುಕೊಳ್ಳಿ. ಬ್ರಷ್ ಕೈಯನ್ನು ಚೆನ್ನಾಗಿ ಕಾಯುತ್ತದೆ, ಆದರೆ ಹಿಂದೆ ತಾಗಿದ ಹೊಡೆತವನ್ನೂ ಜಾರಿಸಿ ಬಿಡುವುದರಿಂದ ಟವೆಲ್ ಪರೀಕ್ಷೆ ಬಿಡುವಂತಿಲ್ಲ. ಜೆಲ್ ತಪ್ಪನ್ನು ಹೆಚ್ಚು ಪ್ರಾಮಾಣಿಕವಾಗಿ ತೋರಿಸುತ್ತದೆ. ಕಲಿಯುವ ಆಸೆ ಇರುವವರಿಗೆ ನನ್ನ ಆಯ್ಕೆ ಅದೇ.

ಕೊಳ್ಳುವ ಮುಂಚೆ ಮೊಣಕಾಲೂರಿ ಪಟ್ಟಿಯ ಮೇಲೆ ಮುಷ್ಟಿಯಿಂದ ಗುದ್ದಿ ನೋಡಿ. ಗೆಣ್ಣು ತಳದ ಗಟ್ಟಿಗೆ ತಾಗಿದರೆ ಕ್ಲಬ್ಬೂ ತಾಗುತ್ತದೆ. ಅಂಗಡಿಯವರು ಬಿಟ್ಟರೆ ವೆಡ್ಜ್ (ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್) ಹಿಡಿದು ಬೇಕೆಂದೇ ಚೆಂಡಿನ ಹಿಂದೆ ಅರ್ಧ ಬೀಸಿನಲ್ಲಿ ಹೊಡೆಯಿರಿ. 'ಟಪ್' ಎಂಬ ಚುರುಕು ಸದ್ದು ಬಂದು ಕ್ಲಬ್ ಮೇಲಕ್ಕೆ ಪುಟಿದರೆ ಅದು ಬೇಡ, 'ದುಬ್' ಎಂದು ಸದ್ದು ಒಳಗೇ ಇಂಗಬೇಕು. ಕ್ಲಬ್ಬಿನ ತಳಕ್ಕೆ ಹಸಿರು ಬಣ್ಣ ಮೆತ್ತಿಕೊಂಡರೆ ಎಳೆ ಅಗ್ಗದ ಪ್ಲಾಸ್ಟಿಕ್ಕಿನದು, ಉಜ್ಜಾಟದ ಬಿಸಿಗೆ ಕರಗುತ್ತಿದೆ. ಎಳೆ ತೀರಾ ಉದ್ದ, ಸಡಿಲವಾಗಿದ್ದರೆ ಕ್ಲಬ್ಬಿನ ಹಿಮ್ಮಡಿಯನ್ನು (ಕೋಲು ಸೇರುವ ಬದಿ) ಹಿಡಿದು ಮುಖವನ್ನು ತಿರುಚುತ್ತದೆ. ಅದೂ ಮಣಿಕಟ್ಟಿಗೆ ಕೇಡು.

ಕೂರಿಸುವಾಗ ಎರಡು ಮೇಲ್ಮೈಗಳೂ ಒಂದೇ ಮಟ್ಟಕ್ಕೆ ಬರಬೇಕು. ಹಲಗೆಯ ಅಟ್ಟಣೆ ಕಟ್ಟುವವರು ಪಟ್ಟಿಯ ಕೆಳಗೆ ಪ್ಲೈವುಡ್ ಬಿಡಬಾರದು. ಟೊಳ್ಳು ಹಲಗೆ ಪೆಟ್ಟನ್ನು ವಾಪಸ್ ಎಸೆಯುತ್ತದೆ, ಮೇಲಿನ ಮಹಡಿಯವರ ನಿದ್ದೆಯನ್ನೂ ಕೆಡಿಸುತ್ತದೆ. ಅಲ್ಲಿ ಹಲಗೆ ಕೊರೆದು, ಪಟ್ಟಿಯ ತಟ್ಟೆಯನ್ನು ಬಿಗಿ ಫೋಮಿನ ಮೇಲೆ ಕಾಂಕ್ರೀಟಿಗೇ ಕೂರಿಸಿ. ಚೆಂಡಿನ ಪಕ್ಕದಲ್ಲಿಡುವ ಕ್ಯಾಮೆರಾ ಮಾನಿಟರ್ ಆದರೆ ಅದನ್ನೂ ಅಷ್ಟೇ ಎತ್ತರಿಸಬೇಕು, ಇಲ್ಲವಾದರೆ ಅಳತೆ ತಪ್ಪುತ್ತದೆ. ಎರಡು ಇಂಚಿನ ಅಟ್ಟಣೆ ಚಾವಣಿಯಿಂದ ಎರಡು ಇಂಚು ಕಸಿಯುತ್ತದೆ ಅನ್ನುವುದೂ ನೆನಪಿರಲಿ. ಒಂಬತ್ತಡಿಯ ಬೇಸ್‌ಮೆಂಟಿನಲ್ಲಿ ಎತ್ತರದ ಆಳು ಅತಿ ಉದ್ದದ ಕ್ಲಬ್ಬಾದ ಡ್ರೈವರ್ ಬೀಸುವಾಗ ಆ ಎರಡು ಇಂಚೇ ಮುಖ್ಯ. ಬೇಸ್‌ಮೆಂಟಿನ ಕಾಂಕ್ರೀಟಿನಲ್ಲಿ ತೇವ ಏರುವುದುಂಟು, ಆಗಾಗ ಎಲ್ಲವನ್ನೂ ಎತ್ತಿ ಗಾಳಿಯಾಡಿಸಿ. ವಿನೈಲ್ ನೆಲವಿದ್ದರೆ ರಬ್ಬರನ್ನು ನೇರ ಇಡಬೇಡಿ, ಅಳಿಸಲಾಗದ ಕಲೆ ಬೀಳುತ್ತದೆ.

ಮೊಣಕಾಲಿನದು ಬೇರೆ ಕಥೆ. ಸ್ಪೈಕ್ ಶೂ ಹುಲ್ಲನ್ನು ಕಚ್ಚಿ ಹಿಡಿದರೆ ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವಿನ ಮೊಣಕಾಲು ತಿರುಚಿಕೊಳ್ಳುತ್ತದೆ. ಚಪ್ಪಟೆ ತಳದ ಶೂ ಹಾಕಿ ಎಡಪಾದವನ್ನು ಕೊಂಚ ಹೊರಕ್ಕೆ ತಿರುಗಿಸಿ ನಿಂತರೆ ಸಾಕು.

ಎಷ್ಟೇ ಒಳ್ಳೆಯ ಮ್ಯಾಟ್ ಆದರೂ ಲೆಕ್ಕ ತಪ್ಪಿದರೆ ಪ್ರಯೋಜನವಿಲ್ಲ. ಮೈದಾನದಲ್ಲಿ ಎರಡು ಹೊಡೆತಗಳ ನಡುವೆ ನಡಿಗೆ ಇರುತ್ತದೆ. ಬೇಸ್‌ಮೆಂಟಿನಲ್ಲಿ ಚೆಂಡು ಕಾಲ ಬುಡಕ್ಕೇ ಉರುಳಿ ಬರುತ್ತದೆ, ಅರ್ಧ ನಿಮಿಷಕ್ಕೊಂದು ಹೊಡೆತ. ಮೂವತ್ತು ಚೆಂಡಿಗೆ ಒಮ್ಮೆ ಕೂತುಕೊಳ್ಳಿ. ಅರ್ಧದಷ್ಟನ್ನು ಗಿಡ್ಡ ರಬ್ಬರ್ ಟೀ ಮೇಲಿಟ್ಟು ಹೊಡೆಯಿರಿ. ಪಟ್ಟಿ ಒಂದೇ ಕಡೆ ಅದುಮಿ ಗಟ್ಟಿಯಾಗುತ್ತದೆ. ಆಗಾಗ ಅದನ್ನು ತಿರುಗಿಸಿ ಹಾಕಿ, ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಪಕ್ಕದ ಜಾಗದೊಂದಿಗೆ ಹೋಲಿಸಿ, ವ್ಯತ್ಯಾಸ ಗೊತ್ತಾಗುವಷ್ಟಾದರೆ ಪಟ್ಟಿ ಬದಲಿಸಿ. ಒದ್ದೆ ಬಟ್ಟೆ ಹಿಂಡುವಾಗ, ಹಾಲಿನ ಕ್ಯಾನ್ ಎತ್ತುವಾಗ ಮೊಣಕೈ ಚುಳಕ್ ಅಂದರೆ ಆಟ ನಿಲ್ಲಿಸಿ ಫಿಸಿಯೋ ಹತ್ತಿರ ಹೋಗಿ. ಹೊಸ ಮ್ಯಾಟ್ ಮುಂದಿನ ನೋವನ್ನು ತಡೆಯಬಹುದು, ಆಗಿರುವ ಗಾಯವನ್ನು ವಾಸಿ ಮಾಡುವುದಿಲ್ಲ.

ಗೆಳೆಯರು ಜೆಲ್ ಪಟ್ಟಿಗೆ ಆರ್ಡರ್ ಕೊಟ್ಟಿದ್ದಾರೆ. ಅದು ಬಂದ ಮೇಲೆ 148 ಗಜ ಇಳಿದು, ಹೊಡೆತಕ್ಕೊಂದು ಅಂಕಿ ಬರತೊಡಗುತ್ತದೆ ಅಂತ ಅವರಿಗೆ ಹೇಳಿದ್ದೇನೆ. ಮೊದಲ ವಾರ ವೆಡ್ಜ್, ಅರ್ಧ ಬೀಸು, ಹಿಂದೆ ಟವೆಲ್. ಹಳೆಯ ಮ್ಯಾಟನ್ನು ಗ್ಯಾರೇಜಿನಲ್ಲಿ ಎತ್ತಿಡುವ ಯೋಚನೆಯಲ್ಲಿದ್ದರು. ಈ ವಾರವೇ ಕಸಕ್ಕೆ ಹಾಕಿಸುವ ಜವಾಬ್ದಾರಿಯನ್ನು ಅವರ ಹೆಂಡತಿ ವಹಿಸಿಕೊಂಡಿದ್ದಾರೆ.