ನೀಲಿ ಪೆನ್ಸಿಲಿನ ಗೆರೆ

ಹಳೆಯ ಸ್ಥಳಾಕೃತಿ ನಕ್ಷೆ ಹರಡಿಕೊಂಡು ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಈ ವಾರ ಮೇಜಿನ ಮೇಲಿದ್ದದ್ದು ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ, ಗ್ರೇಟ್ ಸ್ಮೋಕಿ ಬೆಟ್ಟಗಳ ದಕ್ಷಿಣದ ಮಗ್ಗುಲಿನ ಹೇಜಲ್ ಕ್ರೀಕ್ ಕಣಿವೆ. ಫಾಂಟಾನಾ ಅಣೆಕಟ್ಟು ಏಳುವ ಮೊದಲಿನದು. ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹಳೆಯ ಹಾಳೆಗಳನ್ನು ಉಚಿತವಾಗಿ ಕೊಡುತ್ತದೆ, ದೊಡ್ಡದಾಗಿ ಮುದ್ರಿಸಿಕೊಂಡೆ.

ಪುಟ್ಟ ಕಪ್ಪು ಚೌಕವೆಂದರೆ ಮನೆ. ಚೌಕದ ನೆತ್ತಿಯಲ್ಲಿ ಬಾವುಟವಿದ್ದರೆ ಶಾಲೆ, ಶಿಲುಬೆಯಿದ್ದರೆ ಚರ್ಚು. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳು ಎರಡೂ ಬದಿಯಲ್ಲಿ ಒತ್ತೊತ್ತಾಗಿ ನಿಂತಿವೆ, ಅಂದರೆ ಅಲ್ಲಿ ಕಡಿದಾದ ಏರು; ಹಾಗಾಗಿ ಮನೆಗಳೆಲ್ಲ ಹೊಳೆಯ ಅಂಚಿಗೇ ಪೋಣಿಸಿಕೊಂಡಿವೆ. ಒಳಗೆ ಹೋಗುವ ದಾರಿ ಮಾತ್ರ ಎಲ್ಲೂ ದಿಢೀರನೆ ಏರುವುದಿಲ್ಲ. ಬೆಟ್ಟದ ಗಾಡಿದಾರಿಗೆ ಇಷ್ಟು ಶಿಸ್ತು ಎಲ್ಲಿಯದು ಎಂದು ತಲೆ ಕೆರೆದುಕೊಂಡೆ. ಅದು ರೈಲಿನ ಹಾದಿ! ರಿಟ್ಟರ್ ಎಂಬ ಮರದ ಕಂಪನಿ 1928ರವರೆಗೆ ಇಲ್ಲಿನ ಕಾಡು ಕಡಿದು ದಿಮ್ಮಿಗಳನ್ನು ಈ ಹಾದಿಯಲ್ಲೇ ಇಳಿಸುತ್ತಿತ್ತು. ಪ್ರಾಕ್ಟರ್ ಎಂಬ ಹಳ್ಳಿ ಪಟ್ಟಣದಂತೆ ಬೆಳೆದದ್ದೂ ಆಗಲೇ. ಮರ ಮುಗಿಯಿತು, ಕಂಪನಿ ಹೊರಟಿತು, ಹಳಿ ಕಿತ್ತರು, ಹಾದಿ ಉಳಿಯಿತು.

ಅಣೆಕಟ್ಟನ್ನು 1942ರಿಂದ 1944ರೊಳಗೆ ಕಟ್ಟಿದರು. ಯುದ್ಧಕ್ಕೆ ವಿದ್ಯುತ್ ಬೇಕಿತ್ತು. ತುಂಬಿದ ಜಲಾಶಯದ ಮಟ್ಟ ಸಮುದ್ರಮಟ್ಟದಿಂದ ಸುಮಾರು 1,700 ಅಡಿ. ಆ ಎತ್ತರ ಹಿಡಿದು, ರೇಖೆಗಳ ನಡುವೆ ಅಂದಾಜು ಮಾಡುತ್ತ, ಹಳೆಯ ನಕ್ಷೆಯ ಮೇಲೆ ನೀಲಿ ಪೆನ್ಸಿಲಿನ ಗೆರೆ ಎಳೆಯತೊಡಗಿದೆ. ಪ್ರತಿ ತೊರೆಯ ಬಾಯಲ್ಲೂ ಒಳಹೊಕ್ಕು ಹೊರಬರಬೇಕು. ಎರಡು ಸಂಜೆ ಹಿಡಿಯಿತು.

ಊರೆಲ್ಲ ನೀಲಿಯೊಳಗೆ ಹೋಗುತ್ತದೆ ಎಂದುಕೊಂಡಿದ್ದೆ. ಕಣಿವೆಯ ಮೇಲುಭಾಗದ ಚೌಕಗಳು ಗೆರೆಯಾಚೆ ಒಣನೆಲದಲ್ಲೇ ಉಳಿದವು. ನೀರಿಗೆ ಸಿಕ್ಕಿದ್ದು ನದಿಯ ದಂಡೆಗುಂಟ ಬರುತ್ತಿದ್ದ 288ನೆಯ ಸಂಖ್ಯೆಯ ರಸ್ತೆ. ಅದು ಹೋದ ಮೇಲೆ ಮನೆಗಳಿಗೆ ದಾರಿಯೇ ಇಲ್ಲ. ಸುಮಾರು 44,000 ಎಕರೆ ಸ್ವಾಧೀನವಾಗಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಹೊಸ ರಸ್ತೆ ಕಟ್ಟಿಕೊಡುತ್ತೇವೆಂದು ಸರ್ಕಾರದವರು 1943ರಲ್ಲಿ ಬರೆದುಕೊಟ್ಟರು. ಏಳು ಮೈಲಿಯಷ್ಟು ರಸ್ತೆ, ಒಂದು ಸುರಂಗ ಆಗಿ ಕೆಲಸ ನಿಂತಿತು. ಕೊನೆಗೆ 2010ರಲ್ಲಿ ರಸ್ತೆಯ ಬದಲು 5.2 ಕೋಟಿ ಡಾಲರ್ ಎಂದು ಒಪ್ಪಂದವಾಯಿತು, ಅದೂ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಅಲ್ಲಿನ ಸ್ಥಳೀಯ ಆಡಳಿತಕ್ಕೆ.

ನಂತರದ ಕಾಲದ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಮನೆಗಳ ಚೌಕಗಳು ಅಳಿಸಿಹೋಗಿವೆ. ದಿಣ್ಣೆಗಳ ಮೇಲಿನ ಸ್ಮಶಾನಗಳು ಮಾತ್ರ ಹೆಸರು ಸಮೇತ ಇವೆ. ಬೇಸಿಗೆಯಲ್ಲಿ ಮೊಮ್ಮಕ್ಕಳು, ಮರಿಮಕ್ಕಳು ದೋಣಿಯಲ್ಲಿ ಜಲಾಶಯ ದಾಟಿ ಹೋಗಿ, ಗೋರಿಗಳ ಸುತ್ತ ಬೆಳೆದ ಹುಲ್ಲು ಕಿತ್ತು, ಹೂವಿಟ್ಟು ಬರುತ್ತಾರೆ.