ಮಾತ್ರೆ ಕೊಡುವ ಹೊತ್ತು

ಯಾದಗಿರಿ ಕಡೆಯ ಶಾಲೆಗಳಲ್ಲಿ ವಾರಕ್ಕೊಮ್ಮೆಯ ಕಬ್ಬಿಣಾಂಶದ ಮಾತ್ರೆಯನ್ನು ಬೆಳಗ್ಗೆ ಕ್ಷೀರಭಾಗ್ಯದ ಹಾಲಿನ ಜೊತೆ ಕೊಡಬೇಡಿ. ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಾದರೆ ವಾಕರಿಕೆ, ಮುಂದಿನ ವಾರ ಮಾತ್ರೆ ಕಿಟಕಿಯಾಚೆ. ಬಿಸಿಯೂಟ ಆದ ಮೇಲೆ ಶಿಕ್ಷಕರ ಕಣ್ಣೆದುರೇ ನುಂಗಿಸಬೇಕು. ಐದನೇ ತರಗತಿವರೆಗೆ ಗುಲಾಬಿ, 45 ಮಿ.ಗ್ರಾಂ, ಆರರಿಂದ ಮೇಲೆ ನೀಲಿ, 60 ಮಿ.ಗ್ರಾಂ. ಮಲ ಕಪ್ಪಗಾಗುತ್ತದೆ ಅಂತ ಪಾಲಕರಿಗೆ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಗಾಬರಿಯಾಗ್ತಾರೆ.

ಜಂತುಹುಳದ ಮಾತ್ರೆ ಸುಲಭ: ಅಲ್ಬೆಂಡಜೋಲ್ 400 ಮಿ.ಗ್ರಾಂ, ಅಗಿದು ನುಂಗಬೇಕು, ಜ್ವರ ಇದ್ದವರಿಗೆ ಅವತ್ತು ಬೇಡ.

ನಿಜವಾದ ತೊಡಕು ಗುಳೆ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ತಪಾಸಣೆ ಮಾಡಿ ಜಿಲ್ಲಾಸ್ಪತ್ರೆಗೆ ಚೀಟಿ ಬರೆಯುವಷ್ಟರಲ್ಲಿ ಮನೆಮಂದಿಯೆಲ್ಲ ಬೆಂಗಳೂರೋ ಪುಣೆಯೋ ಸೇರಿರುತ್ತಾರೆ. ಚೀಟಿಯ ಒಂದು ನಕಲು ಮುಖ್ಯಗುರುಗಳ ಬಳಿ, ಇನ್ನೊಂದು ಆಶಾ ಕಾರ್ಯಕರ್ತೆ ಬಳಿ ಇರಲಿ. ಊರಲ್ಲೇ ಉಳಿಯುವ ಅಜ್ಜಿಯದೋ ಕಾಕಾನದೋ ಫೋನ್ ನಂಬರ್ ಅದರ ಮೇಲೆ ಬರೆಸಿ.